ಗಾಡಿಯ ನಡುಕವೂ ಸ್ಟೇರಿಂಗಿನ ದೋಷವೂ: ಕಾರಣ ಹುಡುಕುವ ಕ್ರಮ

ಎತ್ತು ಕುಂಟಿದರೆ ನಾವು ಮೊದಲು ಯಾವ ಕಾಲೆಂದು ನೋಡುತ್ತೇವೆ. ಗೊರಸನ್ನೆತ್ತಿ ಮುಳ್ಳು ಹೊಕ್ಕಿದೆಯೇ, ಲಾಳ ಸವೆದಿದೆಯೇ, ಕೀಲು ಊದಿದೆಯೇ ಎಂದು ಕೈಯಾಡಿಸಿ ನೋಡುತ್ತೇವೆ. ಕಾರಣ ತಿಳಿಯದೆ ನಾಲ್ಕು ಕಾಲಿಗೂ ಮದ್ದು ಹಚ್ಚುವ ಒಕ್ಕಲಿಗನನ್ನು ನಾನು ಕಂಡಿಲ್ಲ. ಆದರೆ ಮನೆಯ ಜೀಪೋ ಕಾರೋ ನಡುಗತೊಡಗಿದರೆ ಇದೇ ನಾವು ಕೀಲಿಕೈಯನ್ನು ಮೆಕ್ಯಾನಿಕ್ಕಿನ ಕೈಗೆ ಕೊಟ್ಟು, "ಸ್ಟೇರಿಂಗು ಆಡ್ತದೆ, ನೋಡಪ್ಪಾ" ಎಂದಷ್ಟೇ ಹೇಳಿ ಟೀ ಅಂಗಡಿಯ ಕಡೆಗೆ ನಡೆಯುತ್ತೇವೆ. ಯಾವ ವೇಗದಲ್ಲಿ ಆಡುತ್ತದೆ, ಬ್ರೇಕು ಒತ್ತಿದಾಗಲೋ ಒತ್ತದಿರುವಾಗಲೋ, ಕೈಗೆ ತಿಳಿಯುತ್ತದೆಯೋ ಕೂತಲ್ಲಿ ತಿಳಿಯುತ್ತದೆಯೋ ಎಂಬ ಯಾವುದನ್ನೂ ಹೇಳುವುದಿಲ್ಲ. ಆದುದರಿಂದ ಆತನೂ ನಾಲ್ಕು ಕಾಲಿಗೂ ಮದ್ದು ಹಚ್ಚುತ್ತಾನೆ. ಹಣ ನಮ್ಮದು ಹೋಗುತ್ತದೆ.

ನಮ್ಮ ಸೀಮೆಯಲ್ಲಿ ವಾಹನವೆಂಬುದು ಸೊಗಸಿನ ವಸ್ತುವಲ್ಲ. ನೇಗಿಲು, ಪಂಪುಸೆಟ್ಟುಗಳಂತೆ ಬೇಸಾಯದ ಸಲಕರಣೆ. ಕಂಬಂ ಕಣಿವೆಯ ದ್ರಾಕ್ಷಿಯಾಗಲಿ, ಒಡ್ಡನ್‌ಛತ್ರದ ಮಂಡಿಗೆ ಹೋಗುವ ತರಕಾರಿಯಾಗಲಿ ಗಾಡಿ ಏರದೆ ಹಣವಾಗುವುದಿಲ್ಲ. ಕುಮಳಿ, ಕಂಬಂಮೆಟ್ಟು, ಬೋಡಿಮೆಟ್ಟು ಈ ಮೂರು ಘಾಟಿಗಳನ್ನೇರಿ ಏಲಕ್ಕಿ ತೋಟಗಳಿಗೆ ಹೋಗುವ ಕೂಲಿಯ ಹೆಣ್ಣುಮಕ್ಕಳ ಜೀಪುಗಳು ನಸುಕಿನಲ್ಲಿಯೇ ಹೊರಡುತ್ತವೆ. ಕೆಳಗಿನ ದಾರಿಯಲ್ಲಿ ಸ್ಟೇರಿಂಗು ಕೈಕೊಟ್ಟರೆ ಗಾಡಿ ಗದ್ದೆಗಿಳಿದೀತು. ಘಾಟಿಯಲ್ಲಿ ಇಳಿಯುವುದಕ್ಕೆ ಗದ್ದೆ ಇಲ್ಲ. ಹೀಗಿರುವುದರಿಂದ, ಮೆಕ್ಯಾನಿಕ್ಕಿನ ಬಳಿಗೆ ಹೋಗುವ ಮುನ್ನ ನಾವೇ ಮನೆಯಂಗಳದಲ್ಲಿ ಏನೇನು ನೋಡಬಹುದೆಂಬುದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಕೆಸರು ಕಲಿಸಿದ ಪಾಠ

ಮೊದಲು ನನ್ನದೇ ಕತೆ. ಒಂದು ಮಳೆಗಾಲದಲ್ಲಿ ನಮ್ಮ ಹಳೆಯ ಜೀಪು ತೋಟದಿಂದ ಬಂದ ಮರುದಿನ ಬೈಪಾಸು ರಸ್ತೆಯಲ್ಲಿ ನಡುಗತೊಡಗಿತು. ಅರವತ್ತು ಕಿಲೋಮೀಟರು ವೇಗ ದಾಟಿದೊಡನೆ ಸ್ಟೇರಿಂಗು ಜ್ವರ ಬಂದವರ ಕೈಯಂತೆ ಅದುರುತ್ತಿತ್ತು. ಒಂದು ವರ್ಕ್‌ಶಾಪಿನಲ್ಲಿ ಶಾಕ್ ಅಬ್ಸಾರ್ಬರ್ ಹೋಗಿದೆ ಎಂದರು, ಹಾಕಿಸಿದೆ. ಇನ್ನೊಂದರಲ್ಲಿ ಬೇರಿಂಗು ಹೋಗಿದೆ ಎಂದರು, ಅದನ್ನೂ ಹಾಕಿಸಿದೆ. ನಡುಕ ಹಾಗೆಯೇ ಉಳಿಯಿತು. ಕೊನೆಗೆ ಟೈರು ಪಂಕ್ಚರಾಗಿ ಚಕ್ರ ಕಳಚಿದಾಗ ನೋಡಿದರೆ, ರಿಮ್ಮಿನ ಒಳಮೈಗೆ ಎರೆಮಣ್ಣು ಒಂದೇ ಕಡೆ ಅಂಟಿ, ಒಣಗಿ, ಹೆಂಟೆಯಾಗಿ ಕುಳಿತಿತ್ತು. ಕುರ್ಪಿಯಿಂದ ಕೆತ್ತಿ ನೀರು ಹೊಯ್ದೆ. ಅಂದಿನಿಂದ ಗಾಡಿ ನೆಟ್ಟಗಾಯಿತು. ಅಂಗೈಯಷ್ಟು ಮಣ್ಣಿಗೆ ನಾನು ಎರಡು ವರ್ಕ್‌ಶಾಪಿಗೆ ಹಣ ಕಟ್ಟಿದ್ದೆ.

ಅಷ್ಟು ಸಣ್ಣ ಹೆಂಟೆ ಇಷ್ಟು ದೊಡ್ಡ ಗಾಡಿಯನ್ನು ಅಲುಗಿಸುವುದು ಹೇಗೆ? ಜೋಳದ ಹೊಲದಲ್ಲಿ ಗಿಳಿ ಓಡಿಸುವ ಕವಣೆಯನ್ನು ನೆನೆಯಿರಿ. ಕಲ್ಲು ಚಿಕ್ಕದು, ಆದರೆ ಬೀಸಿದಷ್ಟೂ ಕೈಯನ್ನು ಹೊರಕ್ಕೆ ಎಳೆಯುತ್ತದೆ. ಟೈರಿನ ಅಡ್ಡಳತೆ 60 ಸೆಂಟಿಮೀಟರು ಇದ್ದರೆ, ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಚಕ್ರ ಒಂದು ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುತ್ತದೆ. ಆ ವೇಗದಲ್ಲಿ 15 ಅಂಗುಲದ ರಿಮ್ಮಿನ ಅಂಚಿನಲ್ಲಿ ಬರಿಯ 20 ಗ್ರಾಂ ಹೆಚ್ಚು ತೂಕವಿದ್ದರೆ ಅದು ಸುಮಾರು 2 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತದೆ. ಅದೂ ಸೆಕೆಂಡಿಗೆ 12 ಸಲ ಮೇಲಕ್ಕೂ ಕೆಳಕ್ಕೂ. ವೇಗ ಅರ್ಧವಾದರೆ ಈ ಬಲ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕಿಳಿಯುತ್ತದೆ. ಆದ್ದರಿಂದಲೇ ಊರೊಳಗೆ ತಿಳಿಯದ ದೋಷ ಬೈಪಾಸಿನಲ್ಲಿ ತಿಳಿಯುತ್ತದೆ. ಟೈರಿನಂಗಡಿಯಲ್ಲಿ ಚಕ್ರವನ್ನು ಯಂತ್ರಕ್ಕೇರಿಸಿ ತಿರುಗಿಸಿ ರಿಮ್ಮಿಗೆ ಸಣ್ಣ ತೂಕದ ತುಂಡುಗಳನ್ನು ಅಂಟಿಸುವುದು ಈ ಹೆಚ್ಚು ಕಡಿಮೆಯನ್ನು ಸರಿದೂಗಿಸಲಿಕ್ಕೆ. ಇದಕ್ಕೆ ವೀಲ್ ಬ್ಯಾಲೆನ್ಸಿಂಗ್ ಎಂದು ಹೆಸರು.

ಬ್ಯಾಲೆನ್ಸಿಂಗ್ ಬೇರೆ, ಅಲೈನ್‌ಮೆಂಟ್ ಬೇರೆ

ಇವೆರಡನ್ನೂ ಒಂದೇ ಎಂದು ತಿಳಿದವರು ಬಹಳ. ಬ್ಯಾಲೆನ್ಸಿಂಗ್ ಎಂದರೆ ಒಂದೊಂದು ಚಕ್ರದ ತೂಕವನ್ನು ಸಮ ಮಾಡುವುದು. ಅಲೈನ್‌ಮೆಂಟ್ ಎಂದರೆ ಚಕ್ರಗಳು ಒಂದಕ್ಕೊಂದು ಸರಿಯಾದ ದಿಕ್ಕಿಗೆ ನಿಲ್ಲುವಂತೆ ಹೊಂದಿಸುವುದು. ಮೊದಲನೆಯದು ಕೆಟ್ಟರೆ ಗಾಡಿ ನಡುಗುತ್ತದೆ. ಎರಡನೆಯದು ಕೆಟ್ಟರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ, ಟೈರು ಸವೆಯುತ್ತದೆ, ಸಾಮಾನ್ಯವಾಗಿ ನಡುಗುವುದಿಲ್ಲ.

ಜೋಡೆತ್ತುಗಳಲ್ಲಿ ಒಂದು ಒಳಕ್ಕೆ ಒತ್ತಿಕೊಂಡು ನಡೆದರೆ ಏನಾಗುವುದೆಂದು ಉತ್ತವರಿಗೆಲ್ಲ ಗೊತ್ತು. ಚಕ್ರ ನೇರ ದಾರಿಗಿಂತ ಅರ್ಧ ಡಿಗ್ರಿ ಮಾತ್ರ ಒಳಮುಖವಾಗಿದ್ದರೂ ಪ್ರತಿ ಕಿಲೋಮೀಟರಿಗೆ ಸುಮಾರು ಒಂಬತ್ತು ಮೀಟರು ಅಡ್ಡಲಾಗಿ ಉಜ್ಜಿದಂತಾಗುತ್ತದೆ. ತೇನಿಯಿಂದ ಕಂಬಮಿಗೆ ಸುಮಾರು 40 ಕಿಲೋಮೀಟರು. ಒಂದು ಸಲ ಹೋದರೆ 350 ಮೀಟರು ಟೈರನ್ನು ರಸ್ತೆಯ ಮೇಲೆ ಅಡ್ಡ ಎಳೆದ ಲೆಕ್ಕ. ಹೊಸ ಟೈರು ವರ್ಷದೊಳಗೆ ಬೋಳಾಗುವುದು ಹೀಗೆ.

ಎರಡು ಮುಂಚಕ್ರಗಳನ್ನು ಹೊಂದಿಸುವ ಈ ಲೆಕ್ಕ ಮೋಟಾರಿಗಿಂತ ಹಳೆಯದು. ನಾಲ್ಕು ಚಕ್ರದ ಕುದುರೆಗಾಡಿ ತಿರುಗುವಾಗ ಒಳಗಿನ ಚಕ್ರ ಸಣ್ಣ ಸುತ್ತನ್ನೂ ಹೊರಗಿನದು ದೊಡ್ಡ ಸುತ್ತನ್ನೂ ಹಾಕಬೇಕು. ಆದ್ದರಿಂದ ಒಳಗಿನದು ಹೆಚ್ಚು ತಿರುಗಬೇಕು. ಇದಕ್ಕೆ ಜರ್ಮನಿಯ ಮ್ಯೂನಿಕ್ಕಿನ ಗಾಡಿ ಕಟ್ಟುವವ ಲಾಂಕೆನ್‌ಸ್ಪರ್ಗರ್ ಉಪಾಯ ಕಂಡುಹಿಡಿದನು. ರುಡಾಲ್ಫ್ ಆಕರ್‌ಮನ್ 1818ರಲ್ಲಿ ಲಂಡನ್ನಿನಲ್ಲಿ ಅದಕ್ಕೆ ಪೇಟೆಂಟು ಪಡೆದನು. ಇಂದಿನ ಕಾರಿನ ಎರಡು ಮುಂಚಕ್ರಗಳನ್ನು ಕೂಡಿಸುವ ಕಡ್ಡಿಗಳೂ ಅದೇ ತತ್ತ್ವದವು. ಆ ಕಡ್ಡಿಯ ತುದಿಯಲ್ಲಿರುವ ಗುಂಡು ಕೀಲನ್ನು ಮೆಕ್ಯಾನಿಕ್ಕುಗಳು ಟೈ ರಾಡ್ ಎಂಡು ಅಥವಾ ಬರಿಯ ಎಂಡು ಎನ್ನುತ್ತಾರೆ. ಈ ಹೆಸರನ್ನು ನೆನಪಿಡಿರಿ, ಮುಂದೆ ಬೇಕಾಗುತ್ತದೆ.

ಪರೀಕ್ಷೆಯ ಕ್ರಮ

ಮೊದಲನೆಯದು ಗಾಳಿ. ಬೆಳಿಗ್ಗೆ ಗಾಡಿ ಓಡಿಸುವ ಮುನ್ನ, ಟೈರು ತಣ್ಣಗಿರುವಾಗ ಗಾಳಿ ನೋಡಬೇಕು. ಎಷ್ಟು ಪೌಂಡು ಇರಬೇಕೆಂಬುದನ್ನು ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿ ಬರೆದಿರುತ್ತಾರೆ; ಭಾರ ಹೇರಿದಾಗಿನ ಅಳತೆ ಬೇರೆ ಇರುವುದುಂಟು. ಗಾಳಿ ಕಡಿಮೆಯಾದ ಕಡೆಗೆ ಗಾಡಿ ಎಳೆಯುತ್ತದೆ, ಸ್ಟೇರಿಂಗು ಭಾರವಾಗುತ್ತದೆ. ಘಾಟಿ ಏರಿ ಬಿಸಿಯಾದ ಟೈರಿನಲ್ಲಿ ಅಳತೆ ಹೆಚ್ಚು ತೋರಿದರೆ ಗಾಳಿ ಬಿಡಕೂಡದು. ತಣ್ಣಗಾದ ಮೇಲೆ ಅದು ಕಡಿಮೆಯಾಗಿಬಿಡುತ್ತದೆ.

ಎರಡನೆಯದು ಕಣ್ಣು. ಚಕ್ರದ ಒಳಮೈಯಲ್ಲಿ ಮಣ್ಣು ಅಂಟಿದೆಯೇ ನೋಡಿರಿ. ಟೈರಿನ ಪಕ್ಕದಲ್ಲಿ ಗುಳ್ಳೆಯಂತೆ ಉಬ್ಬಿದ್ದರೆ ಒಳಗಿನ ದಾರ ಹರಿದಿದೆ ಎಂದರ್ಥ. ಅಂಥ ಟೈರನ್ನು ಅಂದೇ ತೆಗೆಯಬೇಕು. ಸವೆತವೂ ಮಾತನಾಡುತ್ತದೆ. ಎರಡು ಅಂಚೂ ಸವೆದಿದ್ದರೆ ಗಾಳಿ ಕಡಿಮೆ. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ. ಅಲ್ಲಲ್ಲಿ ಹಳ್ಳ ಬಿದ್ದಂತಿದ್ದರೆ ಶಾಕ್ ಅಬ್ಸಾರ್ಬರೋ ಬ್ಯಾಲೆನ್ಸಿಂಗೋ ನೋಡಬೇಕು. ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ ಸವರಿರಿ. ಒಂದು ಕಡೆಗೆ ನುಣುಪಾಗಿ, ಮರಳುವಾಗ ಗರಗಸದಂತೆ ತಾಗಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿ ನಿಂತಿದೆ. ಟೈರಿನ ಗೀರುಗಳ ನಡುವೆ ಸವೆತ ತೋರಿಸುವ ಸಣ್ಣ ದಿಬ್ಬಗಳಿರುತ್ತವೆ. ಮೇಲ್ಮೈ ಅದರ ಮಟ್ಟಕ್ಕೆ ಬಂದರೆ ಗೀರು 1.6 ಮಿಲಿಮೀಟರು ಮಾತ್ರ ಉಳಿದಿದೆ ಎಂದು ತಿಳಿದು ಟೈರು ಬದಲಿಸತಕ್ಕದ್ದು. ಹಳೆಯ ಟೈರು ಕೊಳ್ಳುವವರು ಪಕ್ಕದ ನಾಲ್ಕು ಅಂಕಿಯನ್ನೂ ಓದಬೇಕು: 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು.

ಮೂರನೆಯದು ಕೈ. ಮೊದಲು ಚಕ್ರದ ನಟ್ಟುಗಳನ್ನು ಪಾನಾ ಹಾಕಿ ನೋಡಿರಿ. ಪಂಕ್ಚರು ಹಾಕಿಸಿದ ಮೇಲೆ ನಟ್ಟು ಸಡಿಲವಾಗಿ ಚಕ್ರ ಓಲಾಡುವುದು ಅಪರೂಪವಲ್ಲ. ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರಾಗಿ ಬಿಗಿಯಬೇಕು. 50 ಅಥವಾ 100 ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು. ಆಮೇಲೆ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಹಾಕಿ, ಹಿಂಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಒಂದು ಮುಂಚಕ್ರವನ್ನು ಜಾಕಿಯಿಂದ ಎತ್ತಿರಿ. ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ತಲೆಯಾಗಲಿ ಕೈಯಾಗಲಿ ಹಾಕಕೂಡದು. ಚಕ್ರದ ಮೇಲೊಂದು ಕೆಳಗೊಂದು ಕೈ ಹಿಡಿದು ಅಲುಗಿಸಿರಿ. ಆಟ ಕಂಡರೆ ಬೇರಿಂಗು ಇಲ್ಲವೆ ಬಾಲ್ ಜಾಯಿಂಟು ಸವೆದಿದೆ. ಹಳೆಯ ಜೀಪಾದರೆ ಕಿಂಗ್ ಪಿನ್ನು. ಈಗ ಮನೆಯವರೊಬ್ಬರು ಬ್ರೇಕು ಒತ್ತಿ ಹಿಡಿಯಲಿ. ಆಟ ನಿಂತರೆ ಬೇರಿಂಗು. ನಿಲ್ಲದಿದ್ದರೆ ಬಾಲ್ ಜಾಯಿಂಟು ಅಥವಾ ಕಿಂಗ್ ಪಿನ್ನು. ಬಳಿಕ ಎಡಕ್ಕೊಂದು ಬಲಕ್ಕೊಂದು ಕೈಹಿಡಿದು ಅಲುಗಿಸಿರಿ. ಹೀಗೆ ಮಾತ್ರ ಆಟ ಕಂಡರೆ ಎಂಡು ಸವೆದಿದೆ, ಅಥವಾ ಸ್ಟೇರಿಂಗಿನ ಪೆಟ್ಟಿಗೆಯಲ್ಲಿ ಸಡಿಲವಿದೆ. ಕೊನೆಗೆ ಚಕ್ರವನ್ನು ಕೈಯಿಂದ ತಿರುಗಿಸಿ. ಗರಗರ ಸದ್ದು ಬಂದರೆ ಬೇರಿಂಗು, ರಿಮ್ಮು ಓಲಾಡಿದರೆ ಹೊಂಡಕ್ಕೆ ಬಿದ್ದು ಬಾಗಿದೆ.

ನಾಲ್ಕನೆಯದು ದಾರಿ. ಜನಸಂಚಾರವಿಲ್ಲದ ನೇರ ರಸ್ತೆಯಲ್ಲಿ ನಿಧಾನವಾಗಿ ವೇಗ ಹೆಚ್ಚಿಸುತ್ತ, ಪಕ್ಕದಲ್ಲಿ ಕೂತವರಿಂದ ಬರೆಸಿಕೊಳ್ಳಿರಿ. ಚಾಲಕನೇ ಬರೆಯಲು ಹೋಗಬಾರದು.

ಲಕ್ಷಣದಿಂದ ಕಾರಣಕ್ಕೆ

ಒಂದು ವೇಗದಲ್ಲಿ ಆರಂಭವಾಗಿ, ಅದನ್ನು ದಾಟಿದರೆ ಕಡಿಮೆಯಾಗುವ ನಡುಕ ಸ್ಟೇರಿಂಗಿನಲ್ಲಿ ತಿಳಿದರೆ ಮುಂಚಕ್ರಗಳ ತೂಕ ಸಮವಿಲ್ಲ. ಅದೇ ನಡುಕ ಸೀಟಿನಲ್ಲಿಯೂ ನೆಲದಲ್ಲಿಯೂ ತಿಳಿದು ಕೈಗೆ ತಿಳಿಯದಿದ್ದರೆ ಹಿಂಚಕ್ರಗಳನ್ನು ನೋಡಬೇಕು.

ಬ್ರೇಕು ಒತ್ತಿದಾಗ ಮಾತ್ರ ಸ್ಟೇರಿಂಗು ನಡುಗಿದರೆ ಮುಂದಿನ ಬ್ರೇಕಿನ ಡಿಸ್ಕು ಒಂದೆಡೆ ದಪ್ಪ ಒಂದೆಡೆ ತೆಳುವಾಗಿದೆ. ಘಾಟಿಯನ್ನು ಬ್ರೇಕಿನ ಮೇಲೆಯೇ ಇಳಿಸುವವರಿಗೆ ಈ ತೊಂದರೆ ಹೆಚ್ಚು. ಯಾವ ಗೇರಿನಲ್ಲಿ ಏರುವಿರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬ ಹಳೆಯ ಚಾಲಕರ ಮಾತು ಇಂದಿಗೂ ಸರಿ.

ನಿಂತಲ್ಲಿಯೇ ಗಾಡಿ ನಡುಗಿದರೆ ಚಕ್ರಗಳ ತಪ್ಪಲ್ಲ. ಇಂಜಿನ್ನನ್ನು ಹೊತ್ತ ರಬ್ಬರು ಒಡೆದಿರಬಹುದು, ಇಂಜಿನ್ನೇ ಸರಿಯಾಗಿ ಉರಿಯದಿರಬಹುದು. ಆಕ್ಸಿಲರೇಟರು ಒತ್ತಿದಾಗ ನಡುಗಿ, ಕಾಲೆತ್ತಿದಾಗ ನಿಂತರೆ, ಹಿಂಚಕ್ರಗಳು ಎಳೆಯುವ ಗಾಡಿಗಳಲ್ಲಿ ಉದ್ದ ಶಾಫ್ಟಿನ ಜಾಯಿಂಟನ್ನು ನೋಡಬೇಕು. ಮುಂಚಕ್ರಗಳು ಎಳೆಯುವ ಕಾರಿನಲ್ಲಿ ಸ್ಟೇರಿಂಗು ಪೂರ್ತಿ ತಿರುಗಿಸಿದಾಗ ಟಕಟಕ ಎಂದರೆ ಆಕ್ಸಲಿನ ಹೊರ ಜಾಯಿಂಟು ಸವೆದಿದೆ.

ವೇಗದೊಡನೆ ಏರುವ ಗುಂಯ್‌ ಎಂಬ ಸದ್ದು ಬೇರಿಂಗಿನದು. ಬಲಕ್ಕೆ ತಿರುಗುವಾಗ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಿದರೆ ಎಡ ಬೇರಿಂಗನ್ನು ಸಂಶಯಿಸಬೇಕು. ಎಡಕ್ಕೆ ತಿರುಗುವಾಗ ಹೆಚ್ಚಿದರೆ ಬಲದ್ದನ್ನು.

ಗಾಡಿ ಒಂದು ಕಡೆಗೆ ಎಳೆದರೆ ಗಾಳಿಯ ನಂತರ ಬ್ರೇಕನ್ನು ನೋಡಿರಿ. ಹೆಚ್ಚು ಬ್ರೇಕು ಹಾಕದೆ ಐದಾರು ಕಿಲೋಮೀಟರು ಓಡಿಸಿ, ನಿಲ್ಲಿಸಿ, ಮುಟ್ಟದೆ ಎರಡು ಚಕ್ರಗಳ ಬಳಿ ಅಂಗೈ ಹಿಡಿಯಿರಿ. ಒಂದು ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ. ಅದೂ ಸರಿಯಿದ್ದರೆ ಎಡಬಲ ಮುಂಚಕ್ರಗಳನ್ನು ಅದಲುಬದಲು ಮಾಡಿ ನೋಡಿರಿ. ಎಳೆತವೂ ದಿಕ್ಕು ಬದಲಿಸಿದರೆ ದೋಷ ಟೈರಿನದು. (ಪಕ್ಕದಲ್ಲಿ ಬಾಣದ ಗುರುತಿರುವ ಟೈರುಗಳನ್ನು ಹೀಗೆ ಬದಲಿಸಲಾಗದು.) ನಮ್ಮ ರಸ್ತೆಗಳು ನೀರು ಹರಿಯಲೆಂದು ನಡುವಿನಿಂದ ಅಂಚಿಗೆ ಇಳಿಜಾರಾಗಿರುವುದರಿಂದ ಎಡಕ್ಕೆ ಸ್ವಲ್ಪ ಸರಿಯುವುದು ಸಹಜ, ಅದನ್ನು ರೋಗವೆಂದು ತಿಳಿಯಬೇಡಿರಿ.

ಸ್ಟೇರಿಂಗು ಭಾರವಾದರೆ ಗಾಳಿ, ಬಳಿಕ ಪವರ್ ಸ್ಟೇರಿಂಗಿನ ಎಣ್ಣೆ ಮತ್ತು ಬೆಲ್ಟು. ವಿದ್ಯುತ್ತಿನ ಪವರ್ ಸ್ಟೇರಿಂಗಾದರೆ ಎದುರಿನ ಫಲಕದಲ್ಲಿ ಎಚ್ಚರಿಕೆಯ ದೀಪ ಹತ್ತಿರುತ್ತದೆ. ಡೀಸೆಲ್ ಉಳಿಸಲೆಂದು ಘಾಟಿಯಲ್ಲಿ ಇಂಜಿನ್ ನಿಲ್ಲಿಸಿ ಇಳಿಯುವವರು ಇನ್ನೂ ಇದ್ದಾರೆ. ಇಂಜಿನ್ ನಿಂತರೆ ಸ್ಟೇರಿಂಗಿನ ನೆರವೂ ಬ್ರೇಕಿನ ನೆರವೂ ಹೋಗುತ್ತವೆ. ಕೀಲಿ ತೆಗೆದರೆ ಸ್ಟೇರಿಂಗು ಬೀಗ ಬೀಳುವುದೂ ಉಂಟು. ಲೀಟರು ಡೀಸೆಲ್ಲಿಗೆ ಜೀವ ಒತ್ತೆಯಿಡಬಾರದು.

ಹಳೆಯ ಜೀಪುಗಳ ಹುಚ್ಚು ನಡುಕ

ಮುಂದೆ ಒಂದೇ ಗಟ್ಟಿ ಆಕ್ಸಲು, ಪಟ್ಟಿ ಸ್ಪ್ರಿಂಗುಗಳಿರುವ ಹಳೆಯ ಜೀಪುಗಳಿಗೆ ಇನ್ನೊಂದು ಕಾಯಿಲೆಯಿದೆ. ನಲವತ್ತೈವತ್ತು ವೇಗದಲ್ಲಿ ಒಂದು ಚಕ್ರ ಹೊಂಡಕ್ಕೆ ಬಿದ್ದೊಡನೆ ಎರಡು ಮುಂಚಕ್ರಗಳೂ ಎಡಬಲಕ್ಕೆ ರಪರಪನೆ ಬಡಿದುಕೊಳ್ಳತೊಡಗುತ್ತವೆ. ಸ್ಟೇರಿಂಗು ಕೈಯಿಂದ ಕಿತ್ತುಕೊಳ್ಳುತ್ತದೆ. ಆಗ ಸ್ಟೇರಿಂಗನ್ನು ಗಟ್ಟಿಯಾಗಿ ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲೆತ್ತಿ, ಮೆಲ್ಲನೆ ವೇಗ ಇಳಿಸಬೇಕು. ಸ್ಟೇರಿಂಗನ್ನು ಎಡಬಲಕ್ಕೆ ಎಳೆದಾಡಬಾರದು, ಬ್ರೇಕನ್ನು ತುಳಿಯಬಾರದು. ವೇಗ ಇಳಿದಂತೆ ಅದು ತಾನೇ ನಿಲ್ಲುತ್ತದೆ. ಇದಕ್ಕೆ ಕಾರಣ ಸಾಮಾನ್ಯವಾಗಿ ಒಂದಲ್ಲ. ಕಿಂಗ್ ಪಿನ್ನು, ಎಂಡುಗಳು, ಸ್ಪ್ರಿಂಗಿನ ಬುಷ್ಷು, ಸಡಿಲವಾದ ಯು ಬೋಲ್ಟು, ತೂಕ ತಪ್ಪಿದ ಟೈರು ಇವು ಒಂದೊಂದೂ ಸ್ವಲ್ಪ ಸ್ವಲ್ಪ ಸವೆದು ಕೂಡಿಕೊಂಡಿರುತ್ತವೆ. ಸ್ಟೇರಿಂಗ್ ಡ್ಯಾಂಪರು ಹಾಕಿ ನಡುಕವನ್ನು ಅಡಗಿಸುವುದು ಹುಣ್ಣಿನ ಮೇಲೆ ಬಟ್ಟೆ ಸುತ್ತಿದಂತೆ.

ಅದೇ ನಡುಕ, ಬೇರೆ ಕಾರಣ

ಕೆಸರಿನ ಪಾಠವಾದ ಮರುವರ್ಷ ಜೀಪು ಮತ್ತೆ ನಡುಗಿತು. ನನಗೆ ಉತ್ತರ ಮೊದಲೇ ಗೊತ್ತಿತ್ತಲ್ಲ! ಚಕ್ರ ತೊಳೆದೆ. ನಡುಕ ನಿಲ್ಲಲಿಲ್ಲ, ಸರಿಯಾಗಿ ತೊಳೆದಿಲ್ಲವೆಂದು ಮತ್ತೊಮ್ಮೆ ತೊಳೆದೆ. ಆ ವಾರ ಏಲಕ್ಕಿ ಕೊಯ್ಲಿಗೆ ಎಂಟು ಮಂದಿ ಹೆಂಗಸರನ್ನು ಕೂರಿಸಿಕೊಂಡು ಹೊರಟೆ. ಘಾಟಿ ಆರಂಭವಾಗುವ ಲೋಯರ್ ಕ್ಯಾಂಪಿನಲ್ಲಿ ಟೀಗೆ ನಿಲ್ಲಿಸಿದಾಗ, ಪಕ್ಕದ ಲಾರಿಯ ವಯಸ್ಸಾದ ಚಾಲಕರೊಬ್ಬರು ನನ್ನ ಮುಂಚಕ್ರವನ್ನೇ ನೋಡುತ್ತಿದ್ದರು. "ತಂಬೀ, ಆ ಚಕ್ರ ಒಂದು ದಿಕ್ಕು, ಈ ಚಕ್ರ ಒಂದು ದಿಕ್ಕು ನೋಡ್ತಾವಲ್ಲ" ಎಂದರು. ಬಗ್ಗಿ ಕೈಹಾಕಿ ಎಳೆದರು. ಎಡಗಡೆಯ ಎಂಡಿನ ಗುಂಡು ತನ್ನ ಬಟ್ಟಲಿನಿಂದ ಅರ್ಧ ಹೊರಗಿತ್ತು.

ಇನ್ನೊಂದು ಹೊಂಡ ಸಾಕಾಗಿತ್ತು. ಹೆಂಗಸರನ್ನು ಬಸ್ಸಿಗೆ ಹತ್ತಿಸಿ, ಜೀಪನ್ನು ಅಲ್ಲೇ ಬಿಟ್ಟೆ. ಅವರಲ್ಲಿ ಒಬ್ಬಾಕೆ ನನ್ನ ಬಳಿ ಓದಿದ ಹುಡುಗಿಯ ತಾಯಿ. "ಮೇಷ್ಟ್ರೇ, ಗಾಡಿ ಕೆಟ್ಟದ್ದು ಒಳ್ಳೆಯದಾಯ್ತು, ನಡೆದು ಹೋಗೋ ದೂರದಲ್ಲೇ ಕೆಟ್ಟಿತು" ಎಂದು ಆಕೆ ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ. ಒಂದು ಸಲ ಸರಿಬಂದ ಉತ್ತರವನ್ನು ಬೇರೆ ಲೆಕ್ಕಕ್ಕೂ ಬರೆಯುವ ಹುಡುಗನಿಗೆ ನಾನು ಸೊನ್ನೆ ಹಾಕುತ್ತೇನೆ. ನಾನು ಮಾಡಿದ್ದೂ ಅದೇ.

ಆದುದರಿಂದ ಈ ನಾಲ್ಕು ಲಕ್ಷಣಗಳಿದ್ದರೆ ಗಾಡಿಯನ್ನು ಜನ ಕೂರಿಸಿ ಓಡಿಸಲೇಬಾರದು: ಸ್ಟೇರಿಂಗಿನ ಆಟ ದಿನೇ ದಿನೇ ಹೆಚ್ಚುವುದು, ಸ್ಟೇರಿಂಗು ನೇರವಾಗಿರುವಾಗಲೂ ಎರಡು ಮುಂಚಕ್ರಗಳು ಬೇರೆ ಬೇರೆ ದಿಕ್ಕಿಗೆ ನಿಲ್ಲುವುದು, ನಟ್ಟು ಬಿಗಿಯಿದ್ದರೂ ಚಕ್ರ ಓಲಾಡುವುದು, ಟೈರಿನ ಪಕ್ಕ ಉಬ್ಬುವುದು. ಇವು ನಾಳೆಗೆ ಮುಂದೂಡುವ ಕೆಲಸಗಳಲ್ಲ.

ಮೆಕ್ಯಾನಿಕ್ಕಿನ ಬಳಿ

ಒಳ್ಳೆಯ ಮೆಕ್ಯಾನಿಕ್ಕು ಒಳ್ಳೆಯ ದನದ ಡಾಕ್ಟರಿನಂತೆ. ನಾವು ಹೇಳಿದಷ್ಟೂ ಆತನಿಗೆ ಅನುಕೂಲ. ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿರಿ: ನಡುಕ ಯಾವ ವೇಗದಲ್ಲಿ, ಎಲ್ಲಿ ತಿಳಿಯುತ್ತದೆ, ಬ್ರೇಕಿನಲ್ಲೋ ತಿರುವಿನಲ್ಲೋ, ಎಂದಿನಿಂದ, ಅದಕ್ಕೆ ಮುಂಚೆ ಏನಾಯಿತು. ಹೊಂಡಕ್ಕೆ ಬಿದ್ದದ್ದು, ಟೈರು ಬದಲಿಸಿದ್ದು, ಹೊಲಕ್ಕೆ ಇಳಿಸಿದ್ದು ಯಾವುದನ್ನೂ ಮುಚ್ಚಿಡಬೇಡಿರಿ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ ಓಡಿಸಿ ನೋಡಿರಿ. ಮೂರನ್ನು ಒಟ್ಟಿಗೆ ಬದಲಿಸಿದರೆ ರೋಗ ಯಾವುದಿತ್ತೆಂದು ಎಂದಿಗೂ ತಿಳಿಯದು. ಎಂಡುಗಳನ್ನು ಮಾತ್ರ ಸವೆದಿದ್ದರೆ ಎರಡು ಕಡೆಯವನ್ನೂ ಹಾಕಿಸುವುದು ಲೇಸು. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಎಂಡು, ಬಾಲ್ ಜಾಯಿಂಟು ಹಾಕಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಸವೆದ ಭಾಗವಿಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ಹಣ ನೀರಿನಲ್ಲಿ ಹೋಮ.

ವಾರಕ್ಕೊಮ್ಮೆ ಗಾಳಿ, ಹೊಲದಿಂದ ಬಂದೊಡನೆ ಚಕ್ರದ ಒಳಮೈಗೆ ನೀರು, ತಿಂಗಳಿಗೊಮ್ಮೆ ನಟ್ಟು ಮತ್ತು ಎಂಡುಗಳಿಗೆ ಕೈ, ಗ್ರೀಸಿನ ಬಾಯಿರುವ ಜೀಪಾದರೆ ಕಿಂಗ್ ಪಿನ್ನಿಗೂ ಸ್ಪ್ರಿಂಗಿಗೂ ಗ್ರೀಸು. ಇದು ದಿನವೂ ಎತ್ತಿನ ಮೈ ತಿಕ್ಕುವುದಕ್ಕಿಂತ ಕಡಿಮೆ ಕೆಲಸ. ಎತ್ತಾದರೆ ನೋವಾದಾಗ ನಿಂತುಬಿಡುತ್ತದೆ. ಗಾಡಿಗೆ ನಿಲ್ಲಲು ಬಾರದು. ಅದನ್ನು ನಿಲ್ಲಿಸಬೇಕಾದವರು ನಾವು.